ನಗರ ಯೋಜಕರಿಗೆ ಸಲ್ಲುವ ಗೌರವ

ನಗರ ಯೋಜಕರಿಗೆ ಸಲ್ಲುವ ಗೌರವ ಮೂರು ದಾರಿಗಳಿಂದ ಬರುತ್ತದೆ. ವೃತ್ತಿಸಂಸ್ಥೆಗಳು ತಮ್ಮ ಹಿರಿಯ ಸದಸ್ಯರಿಗೆ ಫೆಲೋ ಪದವಿ, ಪದಕ, ಪ್ರಶಸ್ತಿಗಳನ್ನು ಕೊಡುತ್ತವೆ. ಸರ್ಕಾರಗಳು ಬಿರುದು, ಪ್ರಶಸ್ತಿಗಳನ್ನು ಕೊಡುತ್ತವೆ. ಬ್ರಿಟನ್ನಿನ ನೈಟ್ ಪದವಿ, ಭಾರತದ ಪದ್ಮ ಪ್ರಶಸ್ತಿಗಳು ಈ ಬಗೆಯವು. ಮೂರನೆಯದು ಊರೇ ಕೊಡುವ ಮನ್ನಣೆ: ಒಂದು ರಸ್ತೆಗೆ, ಬಡಾವಣೆಗೆ, ಉದ್ಯಾನಕ್ಕೆ ಹೆಸರಿಡುವುದು. ಈ ಮೂರೂ ಒಬ್ಬರಿಗೇ ಸಂದದ್ದು ಅಪರೂಪ. ವೃತ್ತಿಯವರು ತಲೆಬಾಗುವ ಯೋಜಕರ ಹೆಸರನ್ನು ಅವರು ದುಡಿದ ಊರಿನವರೇ ಕೇಳಿರುವುದಿಲ್ಲ. ಊರು ನೆನೆಯುವ ಹೆಸರುಗಳಾದರೋ ಬಹುಪಾಲು ದೊರೆಗಳವು, ದಿವಾನರವು, ಎಂಜಿನಿಯರುಗಳವು.

ಈ ಅಂತರಕ್ಕೆ ಕಾರಣ ಕೆಲಸದ ಸ್ವರೂಪದಲ್ಲೇ ಇದೆ. ಸೇತುವೆಗೆ, ಅಣೆಕಟ್ಟಿಗೆ, ವಿಧಾನಸೌಧದಂಥ ಕಟ್ಟಡಕ್ಕೆ ಉದ್ಘಾಟನೆಯ ದಿನವಿರುತ್ತದೆ, ಕಲ್ಲಿನ ಮೇಲೆ ಹೆಸರು ಕೊರೆಸಬಹುದು. ಇಡೀ ಊರಿನ ಮಹಾಯೋಜನೆಗೆ (ಮಾಸ್ಟರ್ ಪ್ಲಾನ್) ಅಂಥ ದಿನವಿಲ್ಲ. ಅದು ಜಾರಿಗೆ ಬರಲು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಮಂತ್ರಿಗಳು, ಆಯುಕ್ತರು ಹತ್ತಾರು ಸಲ ಬದಲಾಗಿರುತ್ತಾರೆ, ನಕ್ಷೆಯೂ ಅನೇಕ ಕೈಗಳಲ್ಲಿ ತಿದ್ದಿಸಿಕೊಂಡಿರುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಯೋಜಕರ ಯಶಸ್ಸು ಬಹುಮಟ್ಟಿಗೆ ಆಗದೇ ಉಳಿದ ಅನಾಹುತಗಳಲ್ಲಿರುತ್ತದೆ. ರಾಜಕಾಲುವೆಯ ಅಂಚಿನಲ್ಲಿ ಮನೆ ಕಟ್ಟಲು ಬಿಡದಿದ್ದರೆ ಮಳೆಗಾಲದಲ್ಲಿ ಅಲ್ಲಿ ಯಾರ ಮನೆಗೂ ನೀರು ನುಗ್ಗುವುದಿಲ್ಲ. ನುಗ್ಗದ ನೀರಿಗೆ ಯಾರೂ ಸನ್ಮಾನ ಮಾಡುವುದಿಲ್ಲ.

ಶಾಪ ಮಾತ್ರ ಕೂಡಲೇ ಸಿಗುತ್ತದೆ. ಭೂ ಉಪಯೋಗದ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಬಳಿಯುವುದು ರೂಢಿ. ಒಂದು ಸರ್ವೆ ನಂಬರಿಗೆ ಯಾವ ಬಣ್ಣ ಬಿತ್ತು ಎಂಬುದರ ಮೇಲೆ ಆ ಜಮೀನಿನ ಬೆಲೆ ನಿಲ್ಲುತ್ತದೆ. ಹಳದಿ ಬಿದ್ದವರು ಅದನ್ನು ತಮ್ಮ ಅದೃಷ್ಟವೆಂದುಕೊಳ್ಳುತ್ತಾರೆ. ಹಸಿರು ಬಿದ್ದವರು ಯೋಜಕರ ಅನ್ಯಾಯವೆನ್ನುತ್ತಾರೆ. ಕರಡು ನಕ್ಷೆ ಪ್ರಕಟವಾದ ಮೇಲೆ ಯೋಜನಾ ಪ್ರಾಧಿಕಾರದ ಕಚೇರಿಗೆ ಬಂದು ಬೀಳುವ ಆಕ್ಷೇಪಣೆಗಳ ಕಟ್ಟುಗಳನ್ನು ಬಿಚ್ಚಿದರೆ, ನಕ್ಷೆ ಚೆನ್ನಾಗಿದೆ ಎಂದು ಬರೆದ ಅರ್ಜಿಯನ್ನು ಹುಡುಕಬೇಕಾಗುತ್ತದೆ.

ಇಂಥ ವೃತ್ತಿಯಲ್ಲಿ ಮನ್ನಣೆ ಎಷ್ಟು ತಡವಾಗಿ ಬರಬಹುದು ಎಂಬುದಕ್ಕೆ ಪಿಯರ್ ಲಾಂಫಾನ ಕತೆ ಸಾಕ್ಷಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ನಕ್ಷೆಯನ್ನು 1791ರಲ್ಲಿ ಬರೆದವನು ಈ ಫ್ರೆಂಚ್ ಸೈನ್ಯಾಧಿಕಾರಿ. ಅಧಿಕಾರಿಗಳೊಂದಿಗೆ, ಜಮೀನುದಾರರೊಂದಿಗೆ ಜಗಳವಾಗಿ ಮರುವರ್ಷವೇ ಕೆಲಸ ಕಳೆದುಕೊಂಡ. ಸಲ್ಲಬೇಕಾದ ಹಣಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದು, 1825ರಲ್ಲಿ ಬಡತನದಲ್ಲಿ ಸತ್ತ. ಆಶ್ರಯ ಕೊಟ್ಟಿದ್ದ ಮನೆಯವರ ತೋಟದಲ್ಲೇ ಅವನನ್ನು ಹೂಳಲಾಯಿತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1909ರಲ್ಲಿ, ಅವನ ಅವಶೇಷಗಳನ್ನು ತೆಗೆದು ಸಂಸತ್ ಭವನದ ಗುಮ್ಮಟದಡಿ ಸಾರ್ವಜನಿಕ ದರ್ಶನಕ್ಕಿಟ್ಟು, ನದಿಯಾಚೆಯ ಆರ್ಲಿಂಗ್ಟನ್ ದಿಬ್ಬದ ಮೇಲೆ ಸಮಾಧಿ ಮಾಡಿದರು. ಸಮಾಧಿಯ ಕಲ್ಲಿನ ಮೇಲೆ ಅವನ ನಕ್ಷೆಯನ್ನೇ ಕೆತ್ತಲಾಗಿದೆ. ನಗರದ ಕೇಂದ್ರವನ್ನು ಅವನ ಮೂಲ ನಕ್ಷೆಯ ಜಾಡಿನಲ್ಲಿ ತಿದ್ದುವ ಕೆಲಸ ಆಗ ಶುರುವಾಗಿತ್ತು. ಸತ್ತವನ ಕೌಶಲ ಸರ್ಕಾರಕ್ಕೆ ಮತ್ತೆ ಬೇಕಾದಾಗ ಗೌರವವೂ ನೆನಪಾಯಿತು ಎಂದರೆ ಕಟುವಾದೀತು, ಸುಳ್ಳಾಗದು.

ಅದೇ 1909ರಲ್ಲಿ ಇನ್ನೆರಡು ಘಟನೆಗಳು ನಡೆದವು. ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಎಡ್ವರ್ಡ್ ಬೆನೆಟ್ ತಯಾರಿಸಿದ ಷಿಕಾಗೋ ಯೋಜನೆ ಪ್ರಕಟವಾಯಿತು. ನಗರ ಯೋಜನೆಯ ಮೊದಲ ರಾಷ್ಟ್ರೀಯ ಸಮ್ಮೇಳನ ವಾಷಿಂಗ್ಟನ್ನಿನಲ್ಲಿ ಸೇರಿತು. ವೃತ್ತಿ ಸಂಘಟಿತವಾದದ್ದು ಅಲ್ಲಿಂದಾಚೆಗೆ. ಬ್ರಿಟನ್ನಿನಲ್ಲಿ 1914ರಲ್ಲಿ ಟೌನ್ ಪ್ಲಾನಿಂಗ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಅದೇ ಇಂದಿನ ರಾಯಲ್ ಟೌನ್ ಪ್ಲಾನಿಂಗ್ ಇನ್‌ಸ್ಟಿಟ್ಯೂಟ್. ಅಮೆರಿಕದ ಯೋಜಕರ ಸಂಸ್ಥೆ ಹುಟ್ಟಿದ್ದು 1917ರಲ್ಲಿ. ಭಾರತದ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್ 1951ರಲ್ಲಿ ಸ್ಥಾಪನೆಯಾಯಿತು. ಸಂಸ್ಥೆ ಎಂದ ಮೇಲೆ ಸದಸ್ಯತ್ವದ ಅರ್ಹತೆ, ನೀತಿಸಂಹಿತೆ, ಹೆಸರಿನ ಮುಂದೆ ಹಾಕಿಕೊಳ್ಳುವ ಅಕ್ಷರಗಳು, ಹಿರಿಯರಿಗೆ ಪದವಿ, ಎಲ್ಲವೂ ಬಂದವು.

ಇವುಗಳಲ್ಲಿ ಹೆಚ್ಚು ವ್ಯವಸ್ಥಿತವಾದದ್ದು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಸರ್ಟಿಫೈಡ್ ಪ್ಲಾನರ್ಸ್ ಕೊಡುವ ಫೆಲೋ ಪದವಿ. 1978ರಲ್ಲಿ ಎರಡು ಹಳೆಯ ಸಂಘಗಳು ಕೂಡಿ ಅಮೆರಿಕನ್ ಪ್ಲಾನಿಂಗ್ ಅಸೋಸಿಯೇಷನ್ ಆಯಿತು. ಅದರೊಳಗೆ ಪರೀಕ್ಷೆ ಪಾಸಾದ ಯೋಜಕರ ಘಟಕವೇ ಈ ಇನ್‌ಸ್ಟಿಟ್ಯೂಟ್. ಫೆಲೋ ಪದವಿಗೆ ಹೆಸರು ಸೂಚಿಸಬೇಕಾದರೆ ಕನಿಷ್ಠ 15 ವರ್ಷ ಪ್ರಮಾಣಿತ ಸದಸ್ಯರಾಗಿರಬೇಕು. ವೃತ್ತಿನಿರ್ವಹಣೆ, ಬೋಧನೆ ಮತ್ತು ಕಿರಿಯರ ಮಾರ್ಗದರ್ಶನ, ಸಂಶೋಧನೆ, ಸಮುದಾಯ ಸೇವೆ, ನಾಯಕತ್ವ ಎಂಬ ನೆಲೆಗಳಲ್ಲಿ ಅಭ್ಯರ್ಥಿಯ ಕೆಲಸವನ್ನು ತೂಗುತ್ತಾರೆ. ಆಯ್ಕೆಯಾದವರನ್ನು ಎರಡು ವರ್ಷಕ್ಕೊಮ್ಮೆ ರಾಷ್ಟ್ರೀಯ ಸಮ್ಮೇಳನದ ಸಂದರ್ಭದಲ್ಲಿ ಸೇರಿಸಿಕೊಳ್ಳಲಾಗುತ್ತದೆ.

ಈ ಪದ್ಧತಿಯಲ್ಲಿ ಗಮನಿಸಬೇಕಾದದ್ದು ಸಾಕ್ಷ್ಯದ ಬೇಡಿಕೆ. ಅಭ್ಯರ್ಥಿ ಎಷ್ಟು ನಕ್ಷೆ ಬರೆದರು, ಯಾವ ಹುದ್ದೆಯಲ್ಲಿದ್ದರು ಎಂದು ತಿಳಿಸಿದರೆ ಸಾಲದು. ಅವರ ಕೆಲಸದಿಂದ ಊರಿನಲ್ಲಿ ಏನು ಬದಲಾಯಿತು, ಆ ಬದಲಾವಣೆ ಕಾಲಾಂತರದಲ್ಲೂ ಉಳಿಯಿತೇ ಎಂಬುದನ್ನು ತೋರಿಸಿಕೊಡಬೇಕು. ಹದಿನೈದು ವರ್ಷಗಳ ಷರತ್ತಿಗೆ ಅರ್ಥ ಬರುವುದು ಇಲ್ಲಿ. ಯೋಜನೆಯ ಫಲ ಕಾಣಲು ಅಷ್ಟಾದರೂ ಕಾಲ ಹೋಗಬೇಕು. ಬೋಧನೆಯನ್ನೂ ಕಿರಿಯರನ್ನು ತಿದ್ದುವುದನ್ನೂ ಪ್ರತ್ಯೇಕ ನೆಲೆಯಾಗಿ ಎಣಿಸಿರುವುದು ಇನ್ನೊಂದು ಒಳ್ಳೆಯ ಅಂಶ. ಸಣ್ಣ ಪಟ್ಟಣದ ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಹೊಸಬರಿಗೆ ಕೆಲಸ ಕಲಿಸಿದವರು ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಅವರಿಗೂ ಇಲ್ಲಿ ಬಾಗಿಲಿದೆ.

ಸಮುದಾಯ ಸೇವೆ ಎಂಬ ನೆಲೆ ಅಮೆರಿಕದ ಯೋಜಕ ವೃತ್ತಿಯೊಳಗೆ ಬಂದದ್ದು ಸುಲಭವಾಗಿಯಲ್ಲ. ಎರಡನೆಯ ಮಹಾಯುದ್ಧದ ನಂತರ ಕೊಳೆಗೇರಿ ನಿರ್ಮೂಲನೆ ಮತ್ತು ಹೆದ್ದಾರಿಗಳ ಹೆಸರಿನಲ್ಲಿ ಅಲ್ಲಿನ ನಗರಗಳ ಬಡವರ, ಕರಿಯರ ಕೇರಿಗಳು ನೆಲಸಮವಾದವು. ಆ ಯೋಜನೆಗಳ ನಕ್ಷೆ ಬರೆದವರು ಯೋಜಕರೇ. ಈ ಹಿನ್ನೆಲೆಯಲ್ಲಿ ಪಾಲ್ ಡೇವಿಡಾಫ್ 1965ರಲ್ಲಿ ವೃತ್ತಿಯ ಪತ್ರಿಕೆಯಲ್ಲೇ ಒಂದು ಲೇಖನ ಬರೆದು, ಯೋಜಕ ತಟಸ್ಥ ತಂತ್ರಜ್ಞನೆಂಬ ನಂಬಿಕೆಯನ್ನು ಪ್ರಶ್ನಿಸಿದ. ಬಡವರ ಪರವಾಗಿ ವಕಾಲತ್ತು ವಹಿಸುವ ಯೋಜಕರೂ ಬೇಕು, ಒಂದು ಊರಿಗೆ ಸರ್ಕಾರದ ಒಂದೇ ಯೋಜನೆಯ ಬದಲು ಬೇರೆ ಬೇರೆ ಗುಂಪುಗಳ ಪರ್ಯಾಯ ಯೋಜನೆಗಳು ಚರ್ಚೆಗೆ ಬರಬೇಕು ಎಂಬುದು ಅವನ ವಾದ. 1984ರಲ್ಲಿ ಅವನು ತೀರಿಕೊಂಡ. ಸಾಮಾಜಿಕ ಬದಲಾವಣೆಗಾಗಿ ಅಮೆರಿಕನ್ ಪ್ಲಾನಿಂಗ್ ಅಸೋಸಿಯೇಷನ್ ಕೊಡುವ ಪ್ರಶಸ್ತಿಗೆ ಅವನ ಹೆಸರಿದೆ. ವೃತ್ತಿಯನ್ನು ಕಟುವಾಗಿ ಟೀಕಿಸಿದವನ ಹೆಸರನ್ನೇ ವೃತ್ತಿ ತನ್ನ ಪ್ರಶಸ್ತಿಗೆ ಇಟ್ಟುಕೊಂಡದ್ದು ಅದರ ಹಿರಿಮೆ.

ಡೇವಿಡಾಫ್ ಬರೆದದ್ದನ್ನು ಸರ್ಕಾರಿ ಕುರ್ಚಿಯಲ್ಲಿ ಕೂತು ಮಾಡಿ ತೋರಿಸಿದವನು ನಾರ್ಮನ್ ಕ್ರುಮ್‌ಹೋಲ್ಜ್. ಅವನು 1969ರಿಂದ 1979ರವರೆಗೆ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಯೋಜನಾ ನಿರ್ದೇಶಕ. ಕಾರ್ಖಾನೆಗಳು ಮುಚ್ಚಿ, ಉಳ್ಳವರು ಉಪನಗರಗಳಿಗೆ ಹೊರಟುಹೋಗಿ, ಆ ನಗರ ಕುಗ್ಗುತ್ತಿದ್ದ ಕಾಲ ಅದು. 1975ರಲ್ಲಿ ಅವನ ಕಚೇರಿ ಹೊರತಂದ ನೀತಿ ವರದಿಯಲ್ಲಿ ಬಣ್ಣಬಣ್ಣದ ನಕ್ಷೆಗಳಿಗಿಂತ ಒಂದು ಗುರಿಗೆ ಹೆಚ್ಚು ಒತ್ತು ಇತ್ತು: ಆಯ್ಕೆಗಳೇ ಇಲ್ಲದ ಜನರಿಗೆ ಆಯ್ಕೆಗಳನ್ನು ಹೆಚ್ಚಿಸುವುದು. ಪ್ರತಿ ಪ್ರಸ್ತಾವವನ್ನೂ ಈ ಗುರಿಯ ಮುಂದೆ ನಿಲ್ಲಿಸಿ ನೋಡಲಾಯಿತು.

ಬಸ್ಸಿನ ವಿಷಯ ಇದಕ್ಕೆ ಒಳ್ಳೆಯ ಉದಾಹರಣೆ. ನಗರದ ಸುಮಾರು ಮೂರನೆಯ ಒಂದು ಭಾಗದಷ್ಟು ಮನೆಗಳಲ್ಲಿ ಕಾರಿರಲಿಲ್ಲ. ನಗರದ ಸಾರಿಗೆಯನ್ನು ಪ್ರಾದೇಶಿಕ ಸಂಸ್ಥೆಗೆ ವಹಿಸುವ ಮಾತುಕತೆ ಎಪ್ಪತ್ತರ ದಶಕದ ಮಧ್ಯದಲ್ಲಿ ನಡೆದಾಗ ಉಪನಗರಗಳಿಂದ ಪೇಟೆಗೆ ರೈಲು ಓಡಿಸುವುದರ ಕಡೆಗೇ ಎಲ್ಲರ ಕಣ್ಣು. ಯೋಜನಾ ಕಚೇರಿ ಪಟ್ಟು ಹಿಡಿದು ಟಿಕೆಟ್ ದರವನ್ನು ಇಳಿಸುವ, ಕೆಲವು ವರ್ಷ ಏರಿಸದಿರುವ, ಮುದುಕರಿಗೆ ಮತ್ತು ಅಂಗವಿಕಲರಿಗೆ ಕರೆದಲ್ಲಿಗೆ ಬರುವ ವಾಹನ ಒದಗಿಸುವ ಷರತ್ತುಗಳನ್ನು ಒಪ್ಪಂದದಲ್ಲಿ ಸೇರಿಸಿತು. ಇನ್ನೊಂದು ಸಂದರ್ಭದಲ್ಲಿ, ಪೇಟೆಯ ನಡುವಿನ ದೊಡ್ಡ ಕಟ್ಟಡ ಯೋಜನೆಯೊಂದಕ್ಕೆ ನಗರದ ಬೊಕ್ಕಸದಿಂದ ನೆರವು ಕೇಳಿದಾಗ ಅದರಿಂದ ಊರಿನ ಬಡವರಿಗೆ ಏನು ಸಿಗುತ್ತದೆ ಎಂದು ಕೇಳಿ, ಬೇಡವೆಂದು ಶಿಫಾರಸು ಮಾಡಿತು. ನಗರ ಸಭೆ ಆ ಶಿಫಾರಸನ್ನು ಬದಿಗೊತ್ತಿತು. ಸೋತ ಪ್ರಕರಣಗಳು ಅವನ ಪಟ್ಟಿಯಲ್ಲಿ ಸಾಕಷ್ಟಿವೆ.

ಇಂಥವನು 1986ರಲ್ಲಿ ಅಮೆರಿಕನ್ ಪ್ಲಾನಿಂಗ್ ಅಸೋಸಿಯೇಷನ್ನಿನ ಅಧ್ಯಕ್ಷನಾದ; ಮುಂದೆ ಪ್ರಮಾಣಿತ ಯೋಜಕರ ಇನ್‌ಸ್ಟಿಟ್ಯೂಟಿನ ಅಧ್ಯಕ್ಷ ಸ್ಥಾನವೂ ಅವನಿಗೆ ಒಲಿಯಿತು. ಆ ಇನ್‌ಸ್ಟಿಟ್ಯೂಟಿನ ನೀತಿಸಂಹಿತೆ ಹಿಂದುಳಿದವರ ಅಗತ್ಯಗಳ ಬಗ್ಗೆ ಯೋಜಕರಿಗೆ ವಿಶೇಷ ಹೊಣೆ ಇದೆ ಎನ್ನುತ್ತದೆ. ಕ್ಲೀವ್‌ಲ್ಯಾಂಡಿನ ಹತ್ತು ವರ್ಷಗಳಿಗೆ ಸಂದ ಗೌರವಗಳಲ್ಲಿ ಈ ಸಾಲೇ ದೊಡ್ಡದೆಂದು ಎಣಿಸಬಹುದು. ಪದಕ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. ನೀತಿಸಂಹಿತೆಯನ್ನು ಪರೀಕ್ಷೆಗೆ ಕೂರುವ ಪ್ರತಿಯೊಬ್ಬ ಹೊಸ ಯೋಜಕನೂ ಓದಲೇಬೇಕು.

ಬ್ರಿಟನ್ನಿನಲ್ಲಿ ಸರ್ಕಾರದ ಬಿರುದುಗಳು ಯೋಜಕರಿಗೆ ಬಹು ಬೇಗ ಸಿಕ್ಕವು. ಉದ್ಯಾನನಗರದ ಕಲ್ಪನೆ ಕೊಟ್ಟ ಎಬೆನೆಜರ್ ಹೋವರ್ಡ್ ಶೀಘ್ರಲಿಪಿಕಾರನಾಗಿ ಹೊಟ್ಟೆ ಹೊರೆದವನು. ಲೆಚ್‌ವರ್ತ್ ಮತ್ತು ವೆಲ್ವಿನ್ ಎಂಬ ಎರಡು ಊರುಗಳು ಅವನ ಕಲ್ಪನೆಯಿಂದ ಹುಟ್ಟಿದವು. 1927ರಲ್ಲಿ ನೈಟ್ ಪದವಿ ಬಂತು, ಮರುವರ್ಷ ಅವನು ಕಣ್ಣುಮುಚ್ಚಿದ. ಲೆಚ್‌ವರ್ತಿನ ನಕ್ಷೆ ಬರೆದ ರೇಮಂಡ್ ಅನ್ವಿನ್‌ಗೆ 1932ರಲ್ಲಿ, ಲಂಡನ್ನಿನ ಯುದ್ಧೋತ್ತರ ಯೋಜನೆಗಳ ಪ್ಯಾಟ್ರಿಕ್ ಅಬರ್‌ಕ್ರಾಂಬಿಗೆ 1945ರಲ್ಲಿ ಅದೇ ಪದವಿ ಸಂದಿತು. ಪ್ಯಾಟ್ರಿಕ್ ಗೆಡ್ಡಿಸ್‌ನದು ಬೇರೆ ದಾರಿ. ಮೊದಲೊಮ್ಮೆ ಬಂದ ನೈಟ್ ಪದವಿಯನ್ನು ಬೇಡವೆಂದ. 1932ರಲ್ಲಿ ಒಪ್ಪಿಕೊಂಡ, ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡ. ಆದರೆ ಅವನಿಗೆ ಸಂದ ಅತ್ಯಂತ ವಿಚಿತ್ರ ಗೌರವ ಭಾರತದ್ದು.

ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದ. ಮೂಲತಃ ಜೀವವಿಜ್ಞಾನಿ. ಊರೂರು ನಡೆದು ನೋಡಿ, ಹಳೆಯ ಬೀದಿಗಳನ್ನು ಒಡೆದುಹಾಕುವ ಮುನಿಸಿಪಾಲಿಟಿಗಳ ಯೋಜನೆಗಳಿಗೆ ಬದಲಾಗಿ ಬೇಕಾದಲ್ಲಷ್ಟೇ ಕತ್ತರಿ ಆಡಿಸುವ ಕ್ರಮವನ್ನು ಹೇಳಿಕೊಟ್ಟ. ಇಂದೋರಿಗೆ ಹೋಳ್ಕರ್ ದರ್ಬಾರಿನ ಕರೆಯ ಮೇಲೆ ಬಂದಾಗ ಅಲ್ಲಿ ಪ್ಲೇಗಿನ ಹಾವಳಿ. ಕೈಯಲ್ಲಿ ನಕ್ಷೆ ಹಿಡಿದು ಗಲ್ಲಿ ಗಲ್ಲಿ ತಿರುಗುವ ಈ ಗಡ್ಡದ ಮುದುಕನನ್ನು ಕಂಡರೆ ಜನಕ್ಕೆ ಭಯ, ಅನುಮಾನ. ಪ್ಲೇಗ್ ತರುವವನು ಇವನೇ ಎಂದೂ ಆಡಿಕೊಂಡರು. ಅವನು ಮಹಾರಾಜರ ಬಳಿ ಹೋಗಿ ತನ್ನನ್ನು ಒಂದು ದಿನದ ಮಟ್ಟಿಗೆ ಮಹಾರಾಜನನ್ನಾಗಿ ಮಾಡಬೇಕೆಂದು ಕೇಳಿದ. ಅವರು ಒಪ್ಪಿದರು.

ಆ ದಿನ ದೀಪಾವಳಿಯ ಮೆರವಣಿಗೆಯದು. ಮೆರವಣಿಗೆ ಈ ಸಲ ಯಾವ ಬೀದಿಗಳವರು ಮನೆ, ಅಂಗಳ, ಚರಂಡಿಗಳನ್ನು ಹೆಚ್ಚು ಚೊಕ್ಕಟ ಮಾಡಿಟ್ಟಿರುತ್ತಾರೋ ಆ ಬೀದಿಗಳಲ್ಲಿ ಹಾಯುತ್ತದೆ ಎಂದು ಮೊದಲೇ ಡಂಗುರ ಸಾರಲಾಯಿತು. ಊರಿಗೆ ಊರೇ ಕಸ ಹೊರಹಾಕಲು, ಸುಣ್ಣ ಬಳಿಯಲು ನಿಂತಿತು. ಮೆರವಣಿಗೆಯಲ್ಲಿ ಆನೆ ಕುದುರೆಗಳ ಹಿಂದೆ ಕೊಳಕು ಮನೆಗಳ ಮಾದರಿ, ಕೊಳೆಯ ದೈತ್ಯ, ಪ್ಲೇಗಿನ ಭಾರಿ ಇಲಿ ಬಂದವು. ರಾತ್ರಿ ಅವಕ್ಕೆ ಬೆಂಕಿ ಇಟ್ಟರು. ಮೆರವಣಿಗೆಯಲ್ಲಿ ಅವುಗಳ ಬೆನ್ನಿಗೆ ಬಂದವರು ಊರಿನ ಜಾಡಮಾಲಿಗಳು. ಬಿಳಿಯ ಹೊಸ ಬಟ್ಟೆ, ಕೊರಳಿಗೆ ಹಾರ, ಹೂವು ಸುತ್ತಿದ ಪೊರಕೆ. ಆಮೇಲೆ ಇಂದೋರ್ ನಗರದೇವಿಯ ರಥ, ಕೊನೆಯಲ್ಲಿ ಜನರಿಗೆ ಹಂಚಲು ಗಿಡಗಳ ಗಾಡಿ. ಗೆಡ್ಡಿಸನ ಜೀವನಚರಿತ್ರೆ ಬರೆದವರು ಈ ಪ್ರಸಂಗವನ್ನು ವಿವರವಾಗಿ ದಾಖಲಿಸಿದ್ದಾರೆ. 1918ರಲ್ಲಿ ಅವನ ಇಂದೋರ್ ವರದಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು. ಸುಮಾರು ನೂರು ವರ್ಷಗಳ ಮೇಲೆ, 2017ರಿಂದ, ಅದೇ ಇಂದೋರ್ ದೇಶದ ಸ್ವಚ್ಛ ಸರ್ವೇಕ್ಷಣೆಯಲ್ಲಿ ವರ್ಷ ವರ್ಷವೂ ಮೊದಲ ಸ್ಥಾನಕ್ಕೆ ಬರತೊಡಗಿತು. ಎರಡಕ್ಕೂ ಗಂಟು ಹಾಕುವ ಅಗತ್ಯವಿಲ್ಲ. ಯೋಜಕನೊಬ್ಬ ತನಗೆ ಸಿಕ್ಕ ಒಂದು ದಿನದ ರಾಜಗೌರವವನ್ನು ಪೊರಕೆ ಹಿಡಿದವರಿಗೆ ದಾಟಿಸಿದ್ದು ನೆನಪಿನಲ್ಲಿಡಬೇಕಾದ ಅಂಶ.

ಗೌರವ ಒಬ್ಬರದೇ, ಕೆಲಸ ಹತ್ತಾರು ಜನರದು ಎಂಬ ಇಕ್ಕಟ್ಟನ್ನು ಕೆಲವು ಪ್ರಶಸ್ತಿಗಳು ಗುರುತಿಸಿವೆ. ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಒಕ್ಕೂಟ ಅಬರ್‌ಕ್ರಾಂಬಿಯ ಹೆಸರಿನಲ್ಲಿ 1961ರಲ್ಲಿ ಸ್ಥಾಪಿಸಿದ ನಗರ ಯೋಜನಾ ಪ್ರಶಸ್ತಿ ಮೊದಲ ಸಲ ಸಂದದ್ದು ಸ್ಟಾಕ್‌ಹೋಮ್ ನಗರದ ಯೋಜನಾ ಇಲಾಖೆಗೆ. ಸ್ವೆನ್ ಮಾರ್ಕೆಲಿಯಸ್ ಮತ್ತು ಯೊರಾನ್ ಸಿಡೆನ್‌ಬ್ಲಾಡ್ ಅದರ ಮುಖ್ಯಸ್ಥರಾಗಿ ದುಡಿದವರು. ಆದರೂ ಗೌರವ ಕಚೇರಿಯದು. ಸಿಂಗಪುರದ ಲೀ ಕುಆನ್ ಯೂ ವಿಶ್ವನಗರ ಪ್ರಶಸ್ತಿಯಂತೂ ವ್ಯಕ್ತಿಗಲ್ಲದೆ ನಗರಗಳಿಗೇ ಕೊಡುವಂಥದು. 2010ರಲ್ಲಿ ಮೊದಲು ಸ್ಪೇನಿನ ಬಿಲ್ಬಾವೊಗೆ ಸಂದಿತು.

ಗೌರವ ತಪ್ಪು ಕೈ ಸೇರಿದ ಉದಾಹರಣೆಯೂ ಈ ಕ್ಷೇತ್ರದಲ್ಲಿದೆ. ರಾಬರ್ಟ್ ಮೋಸೆಸ್ ನಾಲ್ಕು ದಶಕ ನ್ಯೂಯಾರ್ಕಿನಲ್ಲಿ ಉದ್ಯಾನ, ಸೇತುವೆ, ಹೆದ್ದಾರಿಗಳನ್ನು ಕಟ್ಟಿಸಿದ. ಯಾವ ಚುನಾವಣೆಯನ್ನೂ ಗೆಲ್ಲದೆ ಒಂದೇ ಕಾಲಕ್ಕೆ ಹನ್ನೆರಡು ಹುದ್ದೆಗಳನ್ನು ಹಿಡಿದಿದ್ದ. ಅವನು ಅಧಿಕಾರದಲ್ಲಿ ಇದ್ದಾಗಲೇ ಉದ್ಯಾನಗಳಿಗೆ, ರಸ್ತೆಗಳಿಗೆ ಅವನ ಹೆಸರು ಬಿತ್ತು. ಬ್ರಾಂಕ್ಸಿನ ಕೇರಿಗಳನ್ನು ಸೀಳಿದ ಹೆದ್ದಾರಿಗಾಗಿ ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳ ಕತೆಯನ್ನು ರಾಬರ್ಟ್ ಕ್ಯಾರೊ 1974ರಲ್ಲಿ ಬರೆದ. ಆ ಜೀವನಚರಿತ್ರೆಗೆ ಪುಲಿಟ್ಜರ್ ಬಂತು, ಮೋಸೆಸನ ಕೀರ್ತಿ ಕುಸಿಯಿತು, ಹೆಸರಿನ ಫಲಕಗಳು ಬಹುಪಾಲು ಹಾಗೇ ಉಳಿದವು. ಅವನಿಗೆ ಎದುರಾಗಿ ನಿಂತ ಜೇನ್ ಜೇಕಬ್ಸ್ ಯೋಜಕಿಯಲ್ಲ, ಪತ್ರಕರ್ತೆ. ಆಕೆ 2006ರಲ್ಲಿ ತೀರಿಕೊಂಡ ಮೇಲೆ ಟೊರಾಂಟೊದ ಗೆಳೆಯರು ಮರುವರ್ಷ ಆರಂಭಿಸಿದ ಸ್ಮರಣೆ ಪ್ರತಿಮೆಯಲ್ಲ. ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ಜನ ತಮ್ಮ ಬೀದಿಗಳಲ್ಲಿ ಗುಂಪಾಗಿ ನಡೆದು, ಮಾತಾಡಿ, ಊರನ್ನು ನೋಡುತ್ತಾರೆ. ಬೆಂಗಳೂರಿನಲ್ಲೂ ಈ ನಡಿಗೆಗಳು ನಡೆದಿವೆ.

ಭಾರತದಲ್ಲಿ ಯೋಜಕರ ಸ್ಥಾನ ಕಾನೂನಿನಲ್ಲೇ ಅಸ್ಪಷ್ಟ. ವಾಸ್ತುಶಿಲ್ಪಿ ಎಂದು ಕರೆದುಕೊಳ್ಳಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಣಿ ಬೇಕು. ಯೋಜಕರಿಗೆ ಅಂಥ ಕೇಂದ್ರ ಕಾಯ್ದೆ ಬರಲಿಲ್ಲ. ಹೀಗಾಗಿ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್ ಕೊಡುವ ಅಸೋಸಿಯೇಟ್ ಮತ್ತು ಫೆಲೋ ಸ್ಥಾನಗಳೇ ವೃತ್ತಿಯ ಗುರುತು. ರಾಷ್ಟ್ರಪ್ರಶಸ್ತಿಗಳ ವಿಷಯಕ್ಕೆ ಬಂದರೆ, ಯೋಜಕರಾಗಿ ದುಡಿದವರಿಗೂ ಅವು ಹೆಚ್ಚಾಗಿ ಬೇರೆ ಬಾಗಿಲಿನಿಂದ ಬಂದಿವೆ. ನವಿ ಮುಂಬೈಯ ಕಲ್ಪನೆಯನ್ನು ಅರವತ್ತರ ದಶಕದಲ್ಲಿ ಮುಂದಿಟ್ಟವರು ಮೂವರು: ಚಾರ್ಲ್ಸ್ ಕೊರೆಯ, ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್. ಕೊರೆಯರಿಗೆ 1972ರಲ್ಲಿ ಪದ್ಮಶ್ರೀ, 2006ರಲ್ಲಿ ಪದ್ಮವಿಭೂಷಣ ಸಂದವು. ಸಾರ್ವಜನಿಕರ ನೆನಪಿನಲ್ಲಿ ಅವರು ವಾಸ್ತುಶಿಲ್ಪಿ. 1985ರಲ್ಲಿ ನೇಮಕವಾದ ರಾಷ್ಟ್ರೀಯ ನಗರೀಕರಣ ಆಯೋಗದ ಅಧ್ಯಕ್ಷರಾಗಿ ಅವರು ಮಾಡಿದ ಕೆಲಸ ತಜ್ಞರ ವಲಯದಾಚೆ ಹೋಗಲಿಲ್ಲ. ವಾಸ್ತುಶಿಲ್ಪಿ ಬಿ.ವಿ. ದೋಶಿಯವರದೂ ಇದೇ ಕತೆ. ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಡ ಕುಟುಂಬಗಳಿಗೆ ನಿವೇಶನ, ಶೌಚಾಲಯ, ಒಂದು ಕೋಣೆ ಒದಗಿಸಿ, ಉಳಿದದ್ದನ್ನು ಅವರೇ ಕೂಡಿದಂತೆ ಕಟ್ಟಿಕೊಳ್ಳಲು ಬಿಟ್ಟರು. ಅದಕ್ಕೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ಅಹಮದಾಬಾದಿನಲ್ಲಿ 1972ರಲ್ಲಿ ಯೋಜನಾ ಶಾಲೆ ಕಟ್ಟಿದವರೂ ಅವರೇ. ಆದರೆ 2018ರ ಪ್ರಿಟ್ಜ್‌ಕರ್ ವಾಸ್ತುಶಿಲ್ಪ ಪ್ರಶಸ್ತಿ ಬಂದಾಗ ಪತ್ರಿಕೆಗಳಲ್ಲಿ ಅಚ್ಚಾದ ಚಿತ್ರಗಳು ಬೆಂಗಳೂರಿನ ಐಐಎಂನಂಥ ಕಟ್ಟಡಗಳವೇ ಹೆಚ್ಚು.

ಯೋಜಕನ ಹೆಸರನ್ನು ಉಳಿಸಿಕೊಂಡ ಊರು ಜೈಪುರ. 1727ರಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ ಈ ನಗರದ ಚೌಕಗಳ ವಿನ್ಯಾಸಕ್ಕೆ ಹೊಣೆ ಹೊತ್ತವನು ಬಂಗಾಳಿ ಮೂಲದ ವಿದ್ಯಾಧರ ಭಟ್ಟಾಚಾರ್ಯ. ಅವನ ಹೆಸರಿನ ಉದ್ಯಾನವಿದೆ. ಎಂಬತ್ತರ ದಶಕದಲ್ಲಿ ದೋಶಿ ಯೋಜಿಸಿದ ಹೊಸ ಬಡಾವಣೆಗೂ ವಿದ್ಯಾಧರನಗರ ಎಂದೇ ಹೆಸರು. ಹಳೆಯ ಕೋಟೆಗೋಡೆಯ ಹೊರಗೆ ಹಾಯುವ ಮುಖ್ಯ ವಾಣಿಜ್ಯ ಬೀದಿ ಎಂ.ಐ. ರೋಡ್. ಆ ಅಕ್ಷರಗಳು ಬೆಂಗಳೂರಿನ ಮಿರ್ಜಾ ಇಸ್ಮಾಯಿಲರವು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿ, 1942ರಲ್ಲಿ ಜೈಪುರಕ್ಕೆ ಪ್ರಧಾನಿಯಾಗಿ ಹೋದ ಅವರು ನಾಲ್ಕೇ ವರ್ಷಗಳಲ್ಲಿ ಆ ಊರನ್ನು ಗೋಡೆಯಿಂದಾಚೆಗೆ ಬೆಳೆಸಿದರು. ಮೈಸೂರಿನವರಿಗೆ ಅವರು ರಸ್ತೆಬದಿಯ ಒಂದು ಹೂವಿನ ಪಾತಿಯನ್ನೂ ನಿಂತು ನೋಡುತ್ತಿದ್ದ ದಿವಾನರೆಂದು ಗೊತ್ತು.

ಹೆಸರು ಯಾರಿಗೆ ಹೋಗುತ್ತದೆ ಎಂಬುದಕ್ಕೆ ಹೈದರಾಬಾದ್ ಬೇರೆ ಉದಾಹರಣೆ. 1908ರ ಮೂಸಿ ನದಿಯ ಪ್ರವಾಹದ ನಂತರ ಊರಿನ ರಕ್ಷಣೆಗೆ ಯೋಜನೆ ಹಾಕಿಕೊಟ್ಟವರು ಎಂ. ವಿಶ್ವೇಶ್ವರಯ್ಯ. ನದಿಯ ಮೇಲುಭಾಗದಲ್ಲಿ ಎರಡು ಜಲಾಶಯ, ಊರಿಗೆ ಒಳಚರಂಡಿ ಎಂಬುದು ಅವರ ಸಲಹೆಯ ಸಾರ. ಜಲಾಶಯಗಳು ಎದ್ದವು, ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂದು ನಿಜಾಮರ ಮತ್ತು ಅವರ ಮಗನ ಹೆಸರು ಪಡೆದವು. ವಿಶ್ವೇಶ್ವರಯ್ಯನವರಿಗೆ ಗೌರವದ ಕೊರತೆಯೇನೂ ಆಗಲಿಲ್ಲ. 1915ರಲ್ಲಿ ನೈಟ್ ಪದವಿ, 1955ರಲ್ಲಿ ಭಾರತರತ್ನ, ಜನ್ಮದಿನವಾದ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. ನಾಡು ಅವರನ್ನು ಕಂಡದ್ದು ಕಟ್ಟೆಗಳಲ್ಲಿ, ಕಾರ್ಖಾನೆಗಳಲ್ಲಿ. ನಗರದ ಆರೋಗ್ಯವನ್ನು ಕುರಿತು ಅವರು ಯೋಚಿಸಿದ್ದು ಆ ಬೆಳಕಿನಲ್ಲಿ ಮಸುಕಾಯಿತು.

ಬೆಂಗಳೂರಿನ ನಕ್ಷೆಯನ್ನು ಹೀಗೆ ಹೆಸರುಗಳಲ್ಲಿ ಓದಬಹುದು. ಹೆಸರಘಟ್ಟದ ನೀರನ್ನು ಊರಿಗೆ ತಂದ, 1898ರ ಪ್ಲೇಗಿನ ಹೊತ್ತಿನಲ್ಲಿ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರಿಗೆ ಶೇಷಾದ್ರಿಪುರವಿದೆ, ಕಬ್ಬನ್ ಉದ್ಯಾನದಲ್ಲಿ ಪ್ರತಿಮೆ ಮತ್ತು ಸ್ಮಾರಕ ಭವನವಿದೆ. ಮಲ್ಲೇಶ್ವರ, ಬಸವನಗುಡಿಗಳ ನೇರ ಬೀದಿಗಳನ್ನು, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಗಳನ್ನು ಗೆರೆ ಹಾಕಿ ಗುರುತಿಸಿದ ಕೈಗಳ ಹೆಸರು ಜನರ ಬಾಯಲ್ಲಿ ಉಳಿದಿಲ್ಲ. ಸಾಲುಮರಗಳು ಒಂದಾದ ಮೇಲೊಂದು ವರ್ಷವಿಡೀ ಹೂ ಬಿಡುವಂತೆ ಜಾತಿಗಳನ್ನು ಆರಿಸಿ ನೆಡಿಸಿದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲೇ ಇದೆ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ ಅವನನ್ನು ಈ ಊರು ಮರೆತಿಲ್ಲವೆಂದೇ ಹೇಳಬೇಕು.

ಒಟ್ಟೊ ಕೋನಿಗ್ಸ್‌ಬರ್ಗರ್ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಹಿಟ್ಲರನ ಜರ್ಮನಿ ಬಿಟ್ಟು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದವನು ಅವನು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವನ ಕೈಯವು. ಇಲ್ಲಿಂದಲೇ ಜಮ್ಷೆಡ್‌ಪುರಕ್ಕೆ ಯೋಜನೆ ಬರೆದ. 1948ರಲ್ಲಿ ಭುವನೇಶ್ವರದ ಯೋಜನೆ ಸಿದ್ಧಪಡಿಸಿದ. ಸ್ವತಂತ್ರ ಭಾರತದ ವಸತಿ ನಿರ್ದೇಶಕನಾಗಿ ನಿರಾಶ್ರಿತರ ಊರುಗಳ ಕೆಲಸ ನೋಡಿಕೊಂಡ. ಆಮೇಲೆ ಲಂಡನ್ನಿಗೆ ಹೋಗಿ, ಬಿಸಿಲುನಾಡುಗಳ ಯೋಜಕರಿಗೆ ಪಾಠ ಹೇಳುವ ವಿಭಾಗವನ್ನೇ ಕಟ್ಟಿದ. ಬೃಹತ್ ನಕ್ಷೆ ಮುಗಿಯುವವರೆಗೆ ಬೆಳೆಯುವ ನಗರ ಕಾಯುವುದಿಲ್ಲ, ಮಾಡುತ್ತಲೇ ಯೋಜಿಸಬೇಕು ಎಂಬ ಅವನ ನಿಲುವಿಗೆ ಭಾರತದ ಆ ಹನ್ನೆರಡು ವರ್ಷಗಳ ಅನುಭವವೇ ಬುನಾದಿ. ಯೋಜನಾ ಶಾಲೆಗಳಲ್ಲಿ ಅವನ ಹೆಸರು ಜಗತ್ತಿನಾದ್ಯಂತ ಪರಿಚಿತ. ಕೃಷ್ಣರಾವ್ ಉದ್ಯಾನಕ್ಕೆ ಬೆಳಗಿನ ನಡಿಗೆಗೆ ಬರುವವರಲ್ಲಿ ಆ ಮಂಟಪದ ಕರ್ತೃವನ್ನು ಬಲ್ಲವರು ವಿರಳ.

ಸಂಸ್ಥೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮೈಸೂರಿನ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ 1903ರಷ್ಟು ಹಿಂದಿನದು, ದೇಶದ ಮೊದಲ ಕೆಲವುಗಳಲ್ಲಿ ಒಂದು. ಬೆಂಗಳೂರಿನದು 1945ರದು, 1976ರಲ್ಲಿ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆಯಿತು. 1961ರಲ್ಲೇ ರಾಜ್ಯಕ್ಕೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು. ಇಷ್ಟು ದೀರ್ಘ ಪರಂಪರೆಯಲ್ಲಿ ಊರಿಗೆ ಗೊತ್ತಿರುವ ವೃತ್ತಿಪರ ಯೋಜಕರ ಹೆಸರುಗಳನ್ನು ಬೆರಳಲ್ಲಿ ಎಣಿಸಬಹುದು. ನವೆಂಬರ್ 8 ವಿಶ್ವ ನಗರ ಯೋಜನಾ ದಿನ. ಬ್ಯೂನೊಸ್ ಐರಿಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾರ್ಲೋಸ್ ಮರೀಯ ದೆಲ್ಲಾ ಪಾವೊಲೆರ 1949ರಲ್ಲಿ ಆರಂಭಿಸಿದ್ದು. ರಾಜ್ಯೋತ್ಸವದ ಸಂಭ್ರಮದ ತಿಂಗಳಲ್ಲಿ ಅದು ಕಾಲೇಜುಗಳ ಒಂದು ಸಣ್ಣ ಕಾರ್ಯಕ್ರಮವಾಗಿ ಸರಿದುಹೋಗುತ್ತದೆ.

ನೀತಿ ಆಯೋಗ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದ 7,933 ನಗರ ವಸತಿಗಳಲ್ಲಿ ಶೇ. 65ಕ್ಕೆ ಮಹಾಯೋಜನೆಯೇ ಇಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ ಬೇಕಾದ ಯೋಜಕ ಹುದ್ದೆಗಳು 12,000ಕ್ಕೂ ಹೆಚ್ಚು. ಮಂಜೂರಾದವು 4,000ಕ್ಕೂ ಕಡಿಮೆ, ಅವುಗಳಲ್ಲೂ ಅರ್ಧದಷ್ಟು ಖಾಲಿ. ಯೋಜಕರ ನೋಂದಣಿಗೆ ಶಾಸನಬದ್ಧ ರಾಷ್ಟ್ರೀಯ ಮಂಡಳಿ ಬೇಕೆಂದು ಅದೇ ವರದಿ ಶಿಫಾರಸು ಮಾಡಿತು. ಪರಿಸ್ಥಿತಿ ಹೀಗಿರುವಾಗ ಹೊಸ ಪದಕಗಳನ್ನು ಎರಕ ಹೊಯ್ಯುವ ಅವಸರವಿಲ್ಲ. ಮಂಜೂರಾದ ಹುದ್ದೆಗಳನ್ನು ತುಂಬುವುದು ಮೊದಲ ಕೆಲಸ. ಅದಕ್ಕೆ ಹಣ, ಆದೇಶ, ಕಾಲ ಬೇಕು. ಇನ್ನೊಂದಕ್ಕೆ ಅದ್ಯಾವುದೂ ಬೇಡ: ಪ್ರತಿ ಊರಿನ ಮಹಾಯೋಜನೆಯ ಮೊದಲ ಪುಟದಲ್ಲಿ, ಮಂತ್ರಿಗಳ ಮತ್ತು ಅಧ್ಯಕ್ಷರ ಭಾವಚಿತ್ರಗಳ ಪಕ್ಕದಲ್ಲೇ, ಅದನ್ನು ಅಳೆದು, ಬರೆದು, ತಿದ್ದಿದವರೆಲ್ಲರ ಹೆಸರುಗಳನ್ನು, ಸರ್ವೇಯರ್ ಮತ್ತು ನಕ್ಷೆಗಾರರನ್ನೂ ಬಿಡದೆ, ಯೋಜನಾ ಪ್ರಾಧಿಕಾರಗಳು ಅಚ್ಚು ಹಾಕಿಸಲಿ.